ಗೋಡೆಯ ಮೇಲೆ ಏಳು ದಿನ

ಟೀಚರ್ ತೀರಿಕೊಂಡ ಸುದ್ದಿ ಬಂದ ದಿನ ನಾನು ಅಳಲಿಲ್ಲ. ಒಂದು ಕಾಗದ ತೆಗೆದುಕೊಂಡು ಅವರ ಹೆಸರು ಬರೆದೆ. ಅದರ ಮುಂದೆ 'ತೆಗೆಯಬಹುದು' ಎಂದು ಸೇರಿಸಿ ನಮ್ಮ ಬಂಟ್ವಾಳದ ಕೋಣೆಯ ಗೋಡೆಗೆ ಅಂಟಿಸಿದೆ. ಕಂಪ್ಯೂಟರಿನ ನಾನೂರಕ್ಕೂ ಹೆಚ್ಚು ಕಡತಗಳಲ್ಲಿ 'ನೋಡಿಕೊಳ್ಳುವವರು' ಎಂಬ ಸಾಲಿನ ಮುಂದೆ ಅವರ ಹೆಸರಿತ್ತು. ಸತ್ತವರು ಏನನ್ನೂ ನೋಡಿಕೊಳ್ಳುವುದಿಲ್ಲ. ಏಳು ದಿನ ಕಾದೆ. ಅವರ ಪರವಾಗಿ ಯಾರೂ ಮಾತಾಡಲಿಲ್ಲ. ಹೆಸರನ್ನು ಅಳಿಸಿದೆ. ಈ ಪದ್ಧತಿಯನ್ನು ನನಗೆ ಕಲಿಸಿದವರು ಅವರೇ. ಹಾಗಾಗಿ ಅವರು ಬೇಸರ ಮಾಡಿಕೊಳ್ಳುವ ಹಾಗಿಲ್ಲ.

ಪತ್ರಿಕೆಯ ಒಳಪುಟದಲ್ಲಿ ಅವರ ಚಿತ್ರದ ಕೆಳಗೆ 'ಮೃತರು ತಂಗಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ' ಎಂದು ಇತ್ತು. ಅದನ್ನು ಓದಿ ನನಗೆ ನಗು ಬಂತು. ಹಿಂದೆ ಅವರ ತಂದೆ ತೀರಿಕೊಂಡಾಗ ಪತ್ರಿಕೆಗೆ ಕಳಿಸುವ ಒಕ್ಕಣೆಯನ್ನು ಟೈಪ್ ಮಾಡಿದ್ದು ನಾನು. ಹೆಣ ಇನ್ನೂ ಅಂಗಳದಲ್ಲಿತ್ತು. ಟೀಚರ್ ಕಾಗದ ತೆಗೆದುಕೊಂಡು ಓದಿ ಕೆಂಪು ಪೆನ್ನಿನಲ್ಲಿ 'ಅಪಾರ' ಹೊಡೆದು ಹಾಕಿದರು.

"ಅಪಾರ ಎಲ್ಲಿ ಉಂಟು? ಬಂದದ್ದು ಹನ್ನೊಂದು ಮಂದಿ. ಅದರಲ್ಲಿ ಇಬ್ಬರು ಶಾಮಿಯಾನದವರು."

ಅವರು ಕರುಣಾಮಯಿ, ಹೊರಗೆ ಒರಟು ಒಳಗೆ ಮೆದು ಎಂದೆಲ್ಲ ಬರೆಯಲು ನಾನು ಕೂತಿಲ್ಲ. ಒಳಗೆ ಮೆದುವಾದದ್ದು ಏನಾದರೂ ಇದ್ದರೆ ಅದು ಹದಿನೈದು ವರ್ಷ ನನ್ನ ಕಣ್ಣಿಗೆ ಬೀಳಲಿಲ್ಲ. ಅವರು ನನಗೆ ಅನ್ನದ ದಾರಿ ತೋರಿಸಿದರು, ಅದು ನಿಜ. ನಾನು ಎಂಥ ಮನುಷ್ಯ ಎಂದೂ ತೋರಿಸಿದರು. ಆ ಎರಡನೆಯದಕ್ಕೆ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಅವರು ಮೂಡುಬಿದಿರೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ನನ್ನ ಊರು ಪಾಣೆಮಂಗಳೂರು. ಮಾವನ ಚಪ್ಪಲಿ ಅಂಗಡಿ ಮೂಡುಬಿದಿರೆಯಲ್ಲಿದ್ದುದರಿಂದ ಅಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಅಣ್ಣಂದಿರಿಬ್ಬರೂ ದಮ್ಮಾಮಿನಲ್ಲಿದ್ದರು. ಟೈಪಿಂಗ್ ಪಾಸಾದರೆ ನಿನಗೆ ಅಲ್ಲಿ ಬಿಸಿಲಿನ ಕೆಲಸ ಇಲ್ಲ, ಆಫೀಸಿನ ಕೆಲಸ ಎಂದು ಬರೆದಿದ್ದರು. ಹಾಗೆ ಸೇರಿದೆ. ಮೊದಲ ದಿನವೇ ಟೀಚರ್ ಕೀಲಿಗಳ ಮೇಲಿನ ಅಕ್ಷರ ಕಾಣದ ಹಾಗೆ ಬಿಳಿ ಪ್ಲಾಸ್ಟರ್ ಅಂಟಿಸಿದ ಮಿಷನ್ನಿನ ಎದುರು ಕೂರಿಸಿದರು. ತಪ್ಪಿದಾಗ ಬೆರಳ ಗಂಟಿಗೆ ಮರದ ಸ್ಕೇಲು ಬೀಳುತ್ತಿತ್ತು. ಹೊಡೆಯುವಾಗಲೂ ಅವರ ಧ್ವನಿ ಏರುತ್ತಿರಲಿಲ್ಲ.

ಒಮ್ಮೆ ಕೆಲಸದ ಅರ್ಜಿಯೊಂದನ್ನು ನಾನೇ ಬರೆದು ಟೈಪ್ ಮಾಡಿ ತೋರಿಸಿದೆ. 'ಅತ್ಯಂತ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರುವಾಗುತ್ತಿತ್ತು.

"ಅತ್ಯಂತ ಯಾಕೆ?"

"ಇರಲಿ ಅಂತ, ಟೀಚರ್."

"ತೆಗಿ. ಈಗ ಓದು. ಅರ್ಥ ಬದಲಾಯ್ತಾ?"

"ಇಲ್ಲ."

"ಹಾಗಾದರೆ ಅದು ಅಲ್ಲಿ ಇರಲೇ ಇಲ್ಲ. ವಿನಯವನ್ನೂ ತೆಗಿ. ಬೇಡಿಕೊಳ್ಳುವುದನ್ನೂ ತೆಗಿ."

ತೆಗೆಯುತ್ತಾ ತೆಗೆಯುತ್ತಾ ಕೊನೆಗೆ ಅರ್ಜಿಯಲ್ಲಿ ಉಳಿದದ್ದು ನನ್ನ ಹೆಸರು, ವಿಳಾಸ ಮತ್ತು 'ಕೆಲಸ ಬೇಕು' ಎಂಬ ಎರಡು ಶಬ್ದ. ಅದನ್ನು ನನ್ನ ಕೈಗಿಟ್ಟು, "ಇದರಲ್ಲಿಯೂ ಹೆಸರು ತೆಗೆದರೆ ಯಾರಿಗೂ ನಷ್ಟ ಇಲ್ಲ" ಎಂದರು. ಕ್ಲಾಸಿನಲ್ಲಿದ್ದ ಹುಡುಗಿಯರು ನಕ್ಕರು. ನಾನೂ ನಕ್ಕೆ.

ದಮ್ಮಾಮಿಗೆ ನಾನು ಹೋಗಲಿಲ್ಲ, ವೀಸಾ ಎರಡು ಸಲ ತಪ್ಪಿತು. ಟೈಪಿಂಗ್ ಕ್ಲಾಸುಗಳ ಕಾಲವೂ ಮುಗಿಯಿತು. ಟೀಚರ್ ಮಿಷನ್ನುಗಳನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟು, ಒಂದು ಕಂಪ್ಯೂಟರ್ ತಂದಿಟ್ಟುಕೊಂಡು, ಪುಸ್ತಕ ಓದಿ ಓದಿ ಅದರ ಹೊಟ್ಟೆ ಬಗೆದರು. ಆಗ ಅವರಿಗೆ ಐವತ್ತರ ಹತ್ತಿರ. ಎರಡು ಸಾವಿರದ ನಂತರ, ಹಳ್ಳಿ ಶಾಲೆಗಳಿಗೆ ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳನ್ನು ನಡೆಸಿಕೊಡಲು ಒಂದು ಟ್ರಸ್ಟಿನವರು ಬಂಟ್ವಾಳದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲೊಂದು ಕೋಣೆ ಹಿಡಿದರು. ಅದಕ್ಕೆ ಟೀಚರ್ ಮುಖ್ಯಸ್ಥರಾದರು. ಅವರು ನನ್ನನ್ನು ಕರೆಸಿಕೊಂಡರು.

ಅಲ್ಲಿಯ ಕೆಲಸವನ್ನು ಸ್ವಲ್ಪ ಹೇಳಬೇಕು. ಆ ಕಂಪ್ಯೂಟರುಗಳಿಗೆ ನಾವು ಹಾಕುತ್ತಿದ್ದ ಮುಕ್ತ ತಂತ್ರಾಂಶದ ಒಳಗಿನ ಬರಹ ಎಲ್ಲರಿಗೂ ತೆರೆದಿರುತ್ತದೆ. ಆದರೆ ಆ ಬರಹ ಹಾಗೆಯೇ ಓಡುವುದಿಲ್ಲ, ಅದನ್ನು ಪ್ರೋಗ್ರಾಮಾಗಿ ಕಟ್ಟಬೇಕು. ಎಲ್ಲಿಂದ ತರಬೇಕು, ಯಾವುದನ್ನು ಸೇರಿಸಬೇಕು, ಏನು ಬಿಡಬೇಕು ಎಂದು ಕಂಪ್ಯೂಟರಿಗೆ ಹೇಳುವ ಚಿಕ್ಕ ಕಡತಕ್ಕೆ ರೆಸಿಪಿ ಎನ್ನುತ್ತಾರೆ. ಒಂದು ಪ್ರೋಗ್ರಾಮಿಗೆ ಒಂದು ರೆಸಿಪಿ. ನಮ್ಮಲ್ಲಿ ಅಂಥವು ನಾನೂರು ಚಿಲ್ಲರೆ ಇದ್ದವು. ಅವುಗಳಲ್ಲಿ ಅರ್ಧಕ್ಕರ್ಧ ಸಾಲುಗಳು ಬೇಡದವು. ಹೇಳದಿದ್ದರೂ ಕಂಪ್ಯೂಟರ್ ತಾನಾಗಿ ಮಾಡುವುದನ್ನೇ ಮತ್ತೆ ಹೇಳುವ ಸಾಲುಗಳು, ಹಿಂದೊಮ್ಮೆ ಬೇಕಾಗಿದ್ದು ಈಗ ಅರ್ಥ ಕಳೆದುಕೊಂಡ ಸಾಲುಗಳು, ಒಂದು ಕಡತದಿಂದ ಇನ್ನೊಂದಕ್ಕೆ ಕಣ್ಣು ಮುಚ್ಚಿ ನಕಲು ಮಾಡಿದ ಸಾಲುಗಳು. ಟೀಚರ್ ಬಂದದ್ದೇ ಅವುಗಳನ್ನು ಕಿತ್ತು ಹಾಕಲು ಎಂಬಂತಿತ್ತು. ಅಷ್ಟು ಖುಷಿಯಿಂದ ಅವರು ಬೇರೆ ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ನೋಡಿಲ್ಲ.

ಅವರ ಕ್ರಮ ಹೀಗೆ. ಸಾಲು ಇರುವಾಗ ಒಮ್ಮೆ ಕಟ್ಟುವುದು. ತೆಗೆದು ಇನ್ನೊಮ್ಮೆ ಕಟ್ಟುವುದು. ಎರಡನ್ನೂ ಕೊನೆಯ ಚುಕ್ಕಿಯವರೆಗೆ ಹೋಲಿಸುವುದು. ವ್ಯತ್ಯಾಸ ಇಲ್ಲದಿದ್ದರೆ ಆ ಸಾಲನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸುವುದು. ಅದು ಏಳು ದಿನ ಅಲ್ಲಿರುತ್ತಿತ್ತು. ಅಷ್ಟರೊಳಗೆ ಕೋಣೆಯವರಲ್ಲಿ ಯಾರಾದರೂ ಅದರ ಪರವಾಗಿ ಮಾತಾಡಬಹುದು. ಸಾಲು ಬರೆದವನು ಮಾತಾಡುವ ಹಾಗಿಲ್ಲ, ಬೇರೆಯವರೇ ಆಗಬೇಕು. ಒಬ್ಬ ಮಾತಾಡಿದರೆ ಸಾಲು ಉಳಿಯುತ್ತದೆ, ಚರ್ಚೆ ಇಲ್ಲ. ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಯ ಎದುರು ನಿಂತು, "ಇವುಗಳಿಗೆ ಯಾರಾದರೂ ಉಂಟಾ?" ಎಂದು ಕೇಳುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಮೇಲೆ ತಮ್ಮ ಕುರ್ಚಿಗೆ ಹೋಗುತ್ತಿದ್ದರು.

ಆ ಗೋಡೆಗೆ ಎಲ್ಲರಿಗಿಂತ ಹೆಚ್ಚು ಸಾಲು ಕೊಟ್ಟವರು ವಾಸಣ್ಣ. ಮಡಂತ್ಯಾರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಟೀಚರಿಗಿಂತ ಮೊದಲೇ ಆ ಕೋಣೆಗೆ ಸೇರಿದವರು. ಶಾಲೆಗಳಿಂದ ಬರುವ ಫೋನುಗಳಿಗೆ ಉತ್ತರ ಹೇಳುವುದು, ಬೆಳ್ತಂಗಡಿ ಕಡೆಯ ಶಾಲೆಗಳಿಗೆ ಹೋಗಿ ಕೆಟ್ಟದ್ದನ್ನು ಸರಿ ಮಾಡುವುದು ಅವರ ಪಾಲು. ಮಧ್ಯೆ ಮಧ್ಯೆ ರೆಸಿಪಿಗಳಿಗೂ ಕೈ ಹಾಕುತ್ತಿದ್ದರು. ಯಾವುದೋ ಶಾಲೆಯಲ್ಲಿ ಏನೋ ಕೆಟ್ಟರೆ ಹತ್ತು ರೆಸಿಪಿಗಳಿಗೆ ಒಂದೊಂದು ಸಾಲು ಸೇರಿಸಿ ಬಿಡುವುದು.

"ಇರಲಿ ಮಾರಾಯ," ಎನ್ನುತ್ತಿದ್ದರು ನನ್ನ ಹತ್ತಿರ. "ಅದಕ್ಕೆ ಬಾಯಿ ಉಂಟಾ, ಹೊಟ್ಟೆ ಉಂಟಾ? ಅನ್ನ ಕೇಳ್ತದಾ?"

ಟೀಚರಿಗೆ ಕೇಳಿಸಿತು. "ಓದುವವನ ಕಣ್ಣನ್ನು ಕೇಳ್ತದೆ, ವಾಸು ಅವರೇ. ನಿಮ್ಮ ಹತ್ತು ಸಾಲಿನ ನಡುವೆ ಬೇಕಾದ ಒಂದು ಸಾಲು ಎಲ್ಲಿ ಉಂಟು ಅಂತ ನಾನು ಹುಡುಕಬೇಕು."

ಅವರ ಆ ಮಾತು ಸರಿಯಾಗಿಯೇ ಇತ್ತು. ಅವರ ಹೆಚ್ಚಿನ ಮಾತುಗಳು ಸರಿಯಾಗಿಯೇ ಇರುತ್ತಿದ್ದವು, ಅದೇ ನಮ್ಮ ಕಷ್ಟ. ಅವರು ಕೋಣೆಗೆ ಬಂದ ಎರಡು ವರ್ಷಗಳಲ್ಲಿ ರೆಸಿಪಿಗಳು ಓದಿದರೆ ತಿಳಿಯುವಷ್ಟು ಚಿಕ್ಕವಾದವು. ಪರದೇಶದಿಂದ ಯಾರೋ ಅವರ ಕೆಲಸವನ್ನು ಹೊಗಳಿ ಉದ್ದದ ಪತ್ರ ಬರೆದರು. ಟೀಚರ್ ಅದನ್ನು ಓದಿ, "ಮೂರು ಸಾಲು ಸಾಕಿತ್ತು" ಎಂದು ಮುಚ್ಚಿದರು.

ಒಮ್ಮೆ ಅವರ ಮೆಚ್ಚುಗೆ ಗಳಿಸಬೇಕೆಂದು ನಾನೂ ಒಂದು ಸಾಲು ಹುಡುಕಿದೆ. ಕನ್ನಡ ಅಕ್ಷರಗಳನ್ನು ಜೋಡಿಸುವ ಭಾಗ ಬೇಕು ಎಂದು ಹೇಳುವ ಸಾಲು. ತೆಗೆದು ಕಟ್ಟಿದೆ, ಹೋಲಿಸಿದೆ, ವ್ಯತ್ಯಾಸ ಇರಲಿಲ್ಲ. ಗೋಡೆಗೆ ಹಾಕಿದೆ, ಏಳು ದಿನ ಕಳೆಯಿತು, ಅಳಿಸಿದೆ. ಆ ಭಾಗ ನನ್ನ ಕಂಪ್ಯೂಟರಿನಲ್ಲಿ ಮೊದಲೇ ಕೂತಿತ್ತು. ಆದ್ದರಿಂದಲೇ ಸಾಲು ಇಲ್ಲದೆಯೂ ಎಲ್ಲ ಸರಿಯಾಗಿ ಕಂಡಿತ್ತು. ಶಾಲೆಗಳಿಗೆ ಕಳಿಸುವ ಸಿಡಿಯನ್ನು ಕಟ್ಟುವುದು ಬೇರೆ ಕಂಪ್ಯೂಟರಿನಲ್ಲಿ. ಅಲ್ಲಿ ಅದು ಇರಲಿಲ್ಲ. ಬೆಳ್ತಂಗಡಿಯಿಂದಾಚೆಯ ಒಂದು ಶಾಲೆಯಲ್ಲಿ ಮಕ್ಕಳು ಪಾಠ ತೆರೆದರೆ ಅಕ್ಷರದ ಬದಲು ಬರೀ ಚೌಕಗಳು.

"ಹೋಗಿ ಆ ಮಕ್ಕಳ ಎದುರು ನಿಂತು, ಚೌಕ ಯಾಕೆ ಬಂತು ಅಂತ ಹೇಳಿ ಬಾ," ಎಂದರು ಟೀಚರ್.

ತಮಾಷೆ ಎಂದುಕೊಂಡೆ. ಅಲ್ಲ. ಮೂವತ್ತು ದಾಟಿದ ನಾನು ಎರಡು ಬಸ್ಸು ಬದಲಿಸಿ ಹೋಗಿ ಏಳನೆಯ ಕ್ಲಾಸಿನ ಮಕ್ಕಳ ಎದುರು ಕೈಕಟ್ಟಿ ನಿಂತು ನನ್ನ ತಪ್ಪು ಹೇಳಿದೆ. ಹೆಡ್‌ಮಾಸ್ಟರು ನಾಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಸಂಜೆ ವಾಪಸು ಬಂದಾಗ ಟೀಚರ್ ಕೇಳಿದ್ದು, "ಚಪ್ಪಾಳೆ ತಟ್ಟಿದರಾ?" ಆಮೇಲೆ ಪಾಠ ಹೇಳಿದರು.

"ತೊಳೆಯದ ಪಾತ್ರೆಯಲ್ಲಿ ಅಡುಗೆ ಮಾಡಿ ಉಪ್ಪು ನೋಡಬಾರದು, ಹನೀಫ. ನಿನ್ನೆಯ ಸಾರಿನ ಉಪ್ಪು ಇವತ್ತಿನದ್ದು ಅಂತ ಕಾಣ್ತದೆ."

ಇದನ್ನು ಹೇಳಿದವರು ಅವರೇ. ಮುಂದಿನದ್ದನ್ನು ಓದುವಾಗ ಅದು ನೆನಪಿರಲಿ.

ಮರುವರ್ಷ ವಾಸಣ್ಣನ ಹೆಂಡತಿಗೆ ಮಂಗಳೂರಿನಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ವಾಸಣ್ಣ ಹದಿನೈದು ದಿನ ರಜೆ ಕೇಳಿದರು. ಟೀಚರ್ ಒಂದೂ ಮಾತಾಡದೆ ಕೊಟ್ಟರು. ಹೊರಡುವ ಮೊದಲು ವಾಸಣ್ಣ ನನ್ನನ್ನು ಮೆಟ್ಟಿಲಿನ ಹತ್ತಿರ ಕರೆದರು.

"ನಾನಿಲ್ಲ ಅಂತ ಶಾಲೆಯವರು ಇಲ್ಲಿಗೆ ಫೋನ್ ಮಾಡಿ ಗಲಾಟೆ ಮಾಡಬಾರದು ಮಾರಾಯ. ವಾಸು ಹೋದ, ಕೆಲಸ ನಿಂತಿತು ಅಂತ ಟೀಚರ್ ಹೇಳುವುದು ಬೇಡ. ಸ್ವಲ್ಪ ನೋಡಿಕೊಳ್ತೀಯಾ?"

"ನೋಡಿಕೊಳ್ತೇನೆ ವಾಸಣ್ಣ. ನೀವು ಅಕ್ಕನನ್ನು ನೋಡಿ."

ನೋಡಿಕೊಂಡೆ. ಎಲ್ಲ ಶಾಲೆಗಳಿಗೂ ನನ್ನ ಮೊಬೈಲ್ ನಂಬರ್ ಕೊಟ್ಟೆ. ಬೆಳಿಗ್ಗೆ ಮನೆಯಿಂದ ಹೊರಟು ಪಾಣೆಮಂಗಳೂರಿನ ಸೇತುವೆ ದಾಟುವಷ್ಟರಲ್ಲಿ ನಾಲ್ಕು ಫೋನಿಗೆ ಉತ್ತರ ಹೇಳಿಯಾಗುತ್ತಿತ್ತು. ಊಟದ ಹೊತ್ತಿನಲ್ಲಿ ಕೆಳಗಿನ ಬಟ್ಟೆ ಅಂಗಡಿಯ ಹಿಂದೆ ನಿಂತು ಇನ್ನಷ್ಟು. ಶನಿವಾರ ಮಧ್ಯಾಹ್ನ ಶಾಲೆಗಳಿಗೆ ಓಡಿದೆ. ಸ್ನೇಹಿತನ ಕೆಲಸ ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ನನಗೆ. ಕೋಣೆಯ ಫೋನು ಮಾತ್ರ ತಣ್ಣಗೆ ಕೂತಿತ್ತು. ಅದರ ಪಕ್ಕ ಟೀಚರ್ ಒಂದು ನೋಟ್‌ಬುಕ್ ಇಟ್ಟಿದ್ದರು. ವಾಸಣ್ಣನಿಗಾಗಿ ಬಂದ ಕರೆಗಳನ್ನು ಅದರಲ್ಲಿ ಬರೆಯುತ್ತಿದ್ದರು. ನಾನು ಅದನ್ನು ನೋಡಿದ್ದೆ. ಏನು ಎಂದು ಕೇಳಲಿಲ್ಲ.

ವಾಸಣ್ಣ ವಾಪಸು ಬಂದ ದಿನ, ಹೆಂಡತಿ ಆಸ್ಪತ್ರೆಯಿಂದ ಮನೆಗೆ ಬಂದ ಸಂತೋಷಕ್ಕೆ ಕೋಣೆಗೆಲ್ಲ ಉದ್ದಿನ ಹಿಟ್ಟಿನಲ್ಲಿ ಕರಿದ ಬಿಸ್ಕೂಟು ಅಂಬಡೆ ತಂದಿದ್ದರು. ಕನ್ನಡ ಅಕ್ಷರದ ಕೆಲಸ ನೋಡಿಕೊಳ್ಳುತ್ತಿದ್ದ ಹುಡುಗಿ, ನಾನು, ಅವರು ನಿಂತುಕೊಂಡು ತಿನ್ನುತ್ತಿದ್ದೆವು. ಟೀಚರ್ ಎದ್ದು ಹೋಗಿ ಗೋಡೆಗೆ ಹೊಸ ಕಾಗದ ಅಂಟಿಸಿದರು. ಆರು ಸಾಲುಗಳಿದ್ದವು. ಐದು ರೆಸಿಪಿಯವು. ಆರನೆಯದು: 'ವಾಸು. ಹದಿನೈದು ದಿನ ತೆಗೆದು ನೋಡಿದೆ. ವ್ಯತ್ಯಾಸ ಇಲ್ಲ.'

ಹುಡುಗಿ ಕೈಯಲ್ಲಿದ್ದ ಅಂಬಡೆಯನ್ನು ಮೆಲ್ಲಗೆ ಕೆಳಗಿಟ್ಟಳು. ವಾಸಣ್ಣ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಇದೆಂತ ಟೀಚರ್?"

"ನಾಲ್ಕು ಫೋನು ಬಂದದ್ದು, ಹದಿನೈದು ದಿನದಲ್ಲಿ. ಟ್ರಸ್ಟಿಗೆ ಪತ್ರ ಬರೆದು ಇಟ್ಟಿದ್ದೇನೆ. ಏಳು ದಿನ ಬಿಟ್ಟು ಕಳಿಸ್ತೇನೆ. ಕ್ರಮ ನಿಮಗೆ ಗೊತ್ತುಂಟು."

ಮೆಟ್ಟಿಲಿನಲ್ಲಿ ವಾಸಣ್ಣ ನನ್ನ ಕೈ ಹಿಡಿದುಕೊಂಡರು. "ನೀನು ಬಾಯಿ ಬಿಡಬೇಡ ಹನೀಫ. ಕದ್ದು ನನ್ನ ಕೆಲಸ ಮಾಡಿದ್ದು ಗೊತ್ತಾದರೆ ನಿನ್ನದನ್ನೂ ಗೋಡೆಗೆ ಹಾಕ್ತಾರೆ ಅವರು."

ಅದು ಮೊದಲ ದಿನದ ಮಾತು. ಎರಡನೆಯ ದಿನ ಅವರು ಹಾಗೆ ಹೇಳಲಿಲ್ಲ. ಮೂರನೆಯ ದಿನವೂ ಹೇಳಲಿಲ್ಲ. ನಾಲ್ಕನೆಯ ದಿನ ನನಗೆ ಚಾ ತಂದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಐವತ್ತೆರಡು ವರ್ಷದ ಮನುಷ್ಯ, ಹೆಂಡತಿ ಹೊಲಿಗೆ ಒಣಗದೆ ಮನೆಯಲ್ಲಿ ಮಲಗಿದ್ದಾಳೆ, ರೇಡಿಯೋ ರಿಪೇರಿ ಈಗ ಯಾರಿಗೂ ಬೇಡ. ನಾನು ಮುಖ ಎತ್ತಲಿಲ್ಲ. ದಿನಾ ಬೆಳಿಗ್ಗೆ ಟೀಚರ್ ಗೋಡೆಯ ಎದುರು ನಿಂತು ಕೇಳುತ್ತಿದ್ದರು. "ಇವುಗಳಿಗೆ ಯಾರಾದರೂ ಉಂಟಾ?" ಯಾವತ್ತಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಆರು ಸಾಲುಗಳ ಪೈಕಿ ಒಂದಕ್ಕೆ ಆ ಹುಡುಗಿ ಬಾಯಿ ಬಿಟ್ಟಳು. ಅದು ಯಾವುದೋ ಪ್ರಿಂಟರಿಗೆ ಸಂಬಂಧಪಟ್ಟ ಸಾಲು. ಅದು ಉಳಿಯಿತು.

ನಾನು ಯಾಕೆ ಮಾತಾಡಲಿಲ್ಲ? ಹೆದರಿಕೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಇನ್ನೊಂದೂ ಇತ್ತು. ಆ ಹದಿನೈದು ದಿನ ಶಾಲೆಯವರು ನನ್ನನ್ನು 'ಸಾರ್' ಎಂದು ಕರೆದಿದ್ದರು. ವಾಸಣ್ಣ ಎರಡು ಗಂಟೆ ತೆಗೆದುಕೊಳ್ಳುವುದನ್ನು ನಾನು ಅರ್ಧ ಗಂಟೆಯಲ್ಲಿ ಮುಗಿಸಿದ್ದೆ. ಗೋಡೆಯ ಆ ಸಾಲು ಸರಿಯಾಗಿಯೇ ಇದೆ ಎಂದು ನನ್ನೊಳಗೆ ಒಬ್ಬ ಹೇಳುತ್ತಿದ್ದ. ಅವನ ಧ್ವನಿ ಟೀಚರ್ ಧ್ವನಿಯ ಹಾಗೆಯೇ ಇತ್ತು.

ಎಂಟನೆಯ ದಿನ ಪತ್ರ ಹೋಯಿತು. ವಾಸಣ್ಣ ತಮ್ಮ ಸ್ಕ್ರೂ ಡ್ರೈವರುಗಳನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಆಮೇಲೆ ಮಡಂತ್ಯಾರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತರು. ಇಬ್ಬರ ಕೆಲಸ ನನ್ನ ತಲೆಗೆ ಬಂತು. ಹದಿನೈದು ದಿನ ಓಡುವುದು ಬೇರೆ, ವರ್ಷಗಟ್ಟಲೆ ಓಡುವುದು ಬೇರೆ. ಫೋನು ಎತ್ತುವುದು ತಡವಾಯಿತು, ಶಾಲೆಗೆ ಹೋಗುವುದು ತಪ್ಪಿತು. ಕ್ರಮೇಣ ಶಾಲೆಯವರು ಫೋನ್ ಮಾಡುವುದನ್ನೇ ಬಿಟ್ಟರು. ಎಷ್ಟೋ ಕಡೆ ಕಂಪ್ಯೂಟರಿನ ಮೇಲೆ ಹಳೆಯ ಸೀರೆ ಹೊದೆಸಿ ಮೂಲೆಗೆ ಇಟ್ಟರು.

ಟೀಚರ್ ನಿವೃತ್ತರಾಗಿ ಬೆಳುವಾಯಿಯಲ್ಲಿ ತಂಗಿಯ ಮನೆ ಸೇರಿದರು. ಕಾಯಿಲೆ ಹಿಡಿಯಿತು. ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮೊದಲು ನಾನು ನೋಡಲು ಹೋದೆ. ಮೂಳೆಗೆ ಚರ್ಮ ಅಂಟಿಕೊಂಡಿತ್ತು. ಜಗಲಿಯಲ್ಲಿ ಕೂತು ಗೆರಸೆಯಲ್ಲಿ ಕುಚ್ಚಲಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಸಾಯುವವರ ಎದುರು ಒಳ್ಳೆಯವನಾಗಿ ಬಿಡೋಣ ಎಂದು ನಾನು ಹೋದದ್ದು. ಎಲ್ಲ ಹೇಳಿದೆ. ಮೊಬೈಲ್ ನಂಬರ್ ಕೊಟ್ಟದ್ದು, ಶನಿವಾರ ಓಡಿದ್ದು.

"ನಿಮ್ಮ ಪರೀಕ್ಷೆ ತಪ್ಪು ಟೀಚರ್. ಪಾತ್ರೆ ತೊಳೆದಿರಲಿಲ್ಲ. ಒಳಗೆ ನಾನಿದ್ದೆ."

ಅವರು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು. ಬಂದ ನಾಲ್ಕು ಫೋನಿನಲ್ಲಿ ಒಂದು ಹೆಡ್‌ಮಾಸ್ಟರದ್ದು. ಹನೀಫ ಬಂದು ಸರಿ ಮಾಡಿಕೊಟ್ಟ, ಅವನಿಗೆ ಉಪಕಾರ ಹೇಳಿ ಅಂತ."

"ಗೊತ್ತಿದ್ದೂ ಯಾಕೆ ಗೋಡೆಗೆ ಹಾಕಿದಿರಿ?"

"ನೀನು ಹೇಳ್ತಿಯಾ ನೋಡುವ ಅಂತ. ಏಳು ದಿನ ಕೊಟ್ಟೆ. ನಿನ್ನ ಮುಖ ನೋಡಿಯೇ ಕೇಳ್ತಿದ್ದೆ ದಿನಾ."

"ಹೇಳಿದ್ದರೆ?"

"ಪತ್ರ ಡ್ರಾವರಿನಲ್ಲೇ ಇತ್ತಲ್ಲ. ಹರಿದು ಬಿಸಾಡ್ತಿದ್ದೆ." ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. "ಆ ಹುಡುಗಿ ಒಂದು ಪ್ರಿಂಟರಿಗೆ ಬಾಯಿ ಬಿಟ್ಟಳು."

"ಅದಕ್ಕೆ ವಾಸಣ್ಣನನ್ನು ಬಲಿ ಕೊಡಬೇಕಿತ್ತಾ ನೀವು? ನನ್ನನ್ನು ಪರೀಕ್ಷೆ ಮಾಡಲಿಕ್ಕೆ?"

"ನಾನಾ ಕೊಟ್ಟದ್ದು?" ಎಂದರು. ಆ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಆಶ್ಚರ್ಯವಿತ್ತು. ತಂಗಿ ಚಾ ತಂದಿಟ್ಟರು. ಟೀಚರ್ ನನ್ನ ಲೋಟ ನನ್ನ ಕಡೆಗೆ ಸರಿಸಿ, "ಕುಡಿ. ಆರ್ತದೆ" ಎಂದರು. ಆಮೇಲೆ ಕಾಯಿಲೆಯ ಬಗ್ಗೆ, ಮಳೆಯ ಬಗ್ಗೆ ಮಾತಾಡಿದೆವು. ಅವರನ್ನು ನಾನು ಮತ್ತೆ ನೋಡಲಿಲ್ಲ.

ಅವರ ಪರವಾಗಿ ಯಾರೂ ಮಾತಾಡಲಿಲ್ಲ ಎಂದು ಮೊದಲೇ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಏಳನೆಯ ದಿನ ಮಧ್ಯಾಹ್ನ ಮಡಂತ್ಯಾರಿನಿಂದ ಫೋನು ಬಂತು.

"ಟೀಚರ್ ಹೋದರಂತೆ. ಪೇಪರ್ ಇವತ್ತು ನೋಡಿದೆ," ಎಂದರು ವಾಸಣ್ಣ. ಹಿಂದೆ ಜೆರಾಕ್ಸ್ ಮಿಷನ್ನಿನ ಸದ್ದು ಕೇಳಿಸುತ್ತಿತ್ತು. "ನನಗೆ ಅವರ ಮೇಲೆ ಸಿಟ್ಟಿಲ್ಲ ಮಾರಾಯ. ಏನೇ ಆಗಲಿ, ಏಳು ದಿನ ಗೋಡೆಯ ಮೇಲಾದರೂ ಇಟ್ಟರು. ಬೇರೆ ಕಡೆ ಆದ್ರೆ ಆ ದಿವಸವೇ ಹೊರಗೆ. ನ್ಯಾಯದ ಹೆಂಗಸು."

"ಹೌದು."

"ಮತ್ತೆ ನೀನು. ನೀನು ಮಾತಾಡುವವನೇ ಇದ್ದಿ, ನನಗೆ ಗೊತ್ತುಂಟು. ನಾನೇ ಬೇಡ ಅಂದದ್ದು. ಅದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡ. ಮಾತಾಡಿದ್ದರೂ ಅವರು ಕೇಳ್ತಿರಲಿಲ್ಲ. ಅಲ್ಲವಾ?"

ಮಿಷನ್ನು ಆಕಡೆ ಒಂದೊಂದೇ ಕಾಗದ ಹೊರಗೆ ಹಾಕುತ್ತಿತ್ತು. ಅವರು ಉತ್ತರಕ್ಕೆ ಕಾಯುತ್ತಿದ್ದರು.

"ಇಲ್ಲ ವಾಸಣ್ಣ," ಎಂದೆ. "ಕೇಳ್ತಿರಲಿಲ್ಲ."

"ಅದೇ," ಎಂದರು ಅವರು, ಸಮಾಧಾನದಿಂದ.

ಹೊರಗಿನವರ ಮಾತು ಲೆಕ್ಕಕ್ಕೆ ಬರುವುದಿಲ್ಲ. ಮರುದಿನ ಗೋಡೆಯ ಕಾಗದ ಕಿತ್ತೆ. ನಾನೂರು ರೆಸಿಪಿಗಳಿಂದ ಟೀಚರ್ ಹೆಸರು ತೆಗೆದು, ಆ ಜಾಗದಲ್ಲಿ ನನ್ನದನ್ನು ಹಾಕಿದೆ. ಅವರು ಕಲಿಸಿದ ಹಾಗೆ ಅವರ ಹೆಸರಿನಲ್ಲೊಮ್ಮೆ, ನನ್ನ ಹೆಸರಿನಲ್ಲೊಮ್ಮೆ ಕಟ್ಟಿ, ಕೊನೆಯ ಚುಕ್ಕಿಯವರೆಗೆ ಹೋಲಿಸಿದೆ. ವ್ಯತ್ಯಾಸ ಇರಲಿಲ್ಲ.